ಹೆಂಡತಿಗೆ ಮೀಸಲಿಟ್ಟ ಗುರುವಾರ

ಬೆಳಿಗ್ಗೆ ಹತ್ತೂಕಾಲು, ಕಣ್ಣಿನ ಆಸ್ಪತ್ರೆ. ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಅವಳಿಗೆ ಗುರುವಾರ ಸಂಜೆ ಆಪರೇಷನ್ ನಿಗದಿಯಾಗಿತ್ತು.

"ಜೊತೆಗೆ ಬರ್ತೀರಲ್ವಾ? ನಿಮ್ಮ ಫೋನಿನ ಕ್ಯಾಲೆಂಡರಿಗೇ ಆಹ್ವಾನ ಕಳಿಸಿದೀನಿ."

"ನೋಡ್ದೆ. ಅದು ತಾನಾಗೇ ಬೇಡ ಅಂದುಬಿಟ್ಟಿದೆ."

"ಯಾಕಂತೆ ಮಹಾರಾಯರೇ?"

"ಆ ಹೊತ್ತಿಗೆ ಮೊದಲೇ ಒಂದು ಕೆಲಸ ಇದೆ. ಇಲ್ನೋಡು, ಗುಲಾಬಿ ಬಣ್ಣದಲ್ಲಿ."

"ಏನದು?"

"'ಹೆಂಡತಿಗೆ ಸಮಯ'. ಪ್ರತಿ ಗುರುವಾರ. ಯಾರೇ ಕರೆದ್ರೂ ಒಪ್ಪಬೇಡ ಅಂತ ಹೇಳಿಟ್ಟಿದೀನಿ."

"ಹೆಂಡತಿ ಅಂದ್ರೆ ನಾನೇ ತಾನೆ?"

"ನೀನೇ ಕಣೇ. ಅದಕ್ಕೇ ಅಷ್ಟು ಬಿಗಿ."

"ಈಗ ಅದನ್ನ ತೆಗೀರಿ."

"ತೆಗೆದ್ರೆ ಆಫೀಸಿನವರು ಮೀಟಿಂಗ್ ತುರುಕ್ತಾರೆ."

"ಹೋದ ಗುರುವಾರ ಆ ಹೊತ್ತಲ್ಲಿ ಎಲ್ಲಿದ್ರಿ?"

"ಆಫೀಸಲ್ಲೇ. ಈ ಕ್ಯಾಲೆಂಡರಿಗೆ ಬಣ್ಣ ಹಾಕ್ತಿದ್ದೆ."

ಆಪರೇಷನ್ ದಿನ ಜೊತೆಗಿರುವವರು ಯಾರೆಂದು ನರ್ಸ್ ಕೇಳಿದಳು. ಹೆಂಡತಿ ಎದ್ದು ಹೋಗಿ ತನ್ನ ಅಕ್ಕನ ಹೆಸರು ಬರೆಸಿದಳು.