ಕೋರೆ ಬೋರ್ಡಿನ ತಾವರೆ

ನಮ್ಮ ನೆರೆಮನೆಯ ಪೇಂಟರ್ ಬೆಂಜಮಿನ್‌ಗೆ ಆದದ್ದು ಇದು. ಹೋದ ವರ್ಷ, ದೀಪಾವಳಿ ಕಳೆದು ನಾಲ್ಕೈದು ದಿನ. ಕಾಪುವಿನಲ್ಲಿ ಒಂದು ಅಂಗಡಿಯ ಶಟರಿಗೆ ಅಕ್ಷರ ಬರೆದು ಮುಗಿಸುವಾಗ ಹೊತ್ತಾಯಿತು. ಶಿರ್ವದಲ್ಲಿ ಬಸ್ಸಿಳಿದರೆ ಒಂದು ರಿಕ್ಷಾ ಇಲ್ಲ. ನಡೆದೇ ಹೊರಟ.

ಮನೆಗೆ ಎರಡು ದಾರಿ. ಒಂದರಲ್ಲಿ ಮೋರಿ ಅಗೆದು ಹಾಕಿದ್ದರು. ಉಳಿದದ್ದು ಕೋರೆಯ, ಅಂದರೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಹೊಂಡದ, ಬದಿಯ ದಾರಿ. ಅಲ್ಲಿ ಅವನು ಎರಡು ತಿಂಗಳಿಂದ ಕಾಲಿಟ್ಟಿರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಆ ಕೋರೆಯಲ್ಲಿ ಮಳೆನೀರು ನಿಂತು ಎರಡಾಳು ಆಳ ಉಂಟು. ಎಚ್ಚರಿಕೆಯ ಬೋರ್ಡು ಬರೆಯಲು ಪಂಚಾಯತಿನವರು ಬೆಂಜಮಿನ್‌ಗೆ ಹೇಳಿದ್ದರು. ಅವನಲ್ಲಿ ಕೆಂಪು ಪೇಂಟ್ ಮುಗಿದಿತ್ತು. ಉಡುಪಿಗೆ ಹೋಗಿ ತರಲು ಉದಾಸೀನ. ಯಾವುದೋ ರೆಸಾರ್ಟಿನ ಬೋರ್ಡಿಗೆ ತಂದ ತಿಳಿನೀಲಿ ಉಳಿದಿತ್ತು, ಅದನ್ನೇ ಬಳಿದ. ಮೇಲೆ ಬಿಳಿ ಅಕ್ಷರ: 'ಅಪಾಯ. ನೀರು ಆಳವಿದೆ. ಇಳಿಯಬಾರದು.' ಕೆಳಗೆ ಜಾಗ ಖಾಲಿ ಕಂಡಿತು. ಕೈ ಸುಮ್ಮನಿರಲಿಲ್ಲ... ಎರಡು ಗುಲಾಬಿ ತಾವರೆ ಬಿಡಿಸಿದ. "ಎಂತ ಚಂದ ಮಾರಾಯ!" ಅಂದರು ಜನ. ಅವನೂ ಉಬ್ಬಿದ.

ವಾರದೊಳಗೆ ಯಮನವ್ವ ಅಲ್ಲಿ ಮುಳುಗಿದಳು. ಬಾದಾಮಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಹೆಂಗಸು, ಓದು ಬಾರದವಳು. ಬಟ್ಟೆ ಒಗೆಯಲು ಇಳಿದಿದ್ದಳು. ಮೇಲೆತ್ತಿದಾಗ ಕೈಯಲ್ಲಿ ಆರು ಹಸಿರು ಬಳೆ ಹಾಗೇ ಇದ್ದವು. "ಬೋರ್ಡು ಹಾಕಿತ್ತಲ್ಲ, ಇನ್ನೆಂತ ಮಾಡುವುದು?" ಅಂದರು ಎಲ್ಲರೂ. ಬೆಂಜಮಿನ್ ಕೂಡ ಹೌದು ಹೌದು ಅಂತ ತಲೆ ಆಡಿಸಿದ. ಆದರೆ ಅವನಿಗೆ ಗೊತ್ತಿತ್ತು. ಅಕ್ಷರ ಬೇಡ ಅಂದಿತ್ತು. ಬಣ್ಣ, ಹೂವು... ಬಾ ಅಂದಿದ್ದವು.

ಆ ರಾತ್ರಿ ಕೋರೆ ಹತ್ತಿರವಾದಾಗ ಮೊಬೈಲಿನ ಟಾರ್ಚ್ ಕೆಳಗೆ ಹಿಡಿದ. ಬೋರ್ಡು ಕಣ್ಣಿಗೆ ಬೀಳಬಾರದು ಅಂತ.

ಸಪ್...

ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಸದ್ದು.

ಸಪ್... ಸಪ್...

ನಿಂತಿತು. ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಟಪ್... ಟಪ್...

"ಯಣ್ಣಾ..."

ಪಿಸುಮಾತು. ಬೋರ್ಡಿನ ಹಿಂದಿನಿಂದ. ಅವನು ನಿಂತ.

"ಇಲ್ಲೆ ಏನ್ ಬರದೈತಿ? ನನಗ ಓದಾಕ ಬರಂಗಿಲ್ಲ."

ಬೆಂಜಮಿನ್ ಟಾರ್ಚ್ ಎತ್ತದೆಯೇ ಹೇಳಿದ. "ಅಪಾಯ... ಇಳಿಯಬಾರದು ಅಂತ."

"ಮತ್ತ ಹೂವ ಯಾಕ ಬರದಿ?"

ಸುಳ್ಳು ಹೇಳಲು ಬಾಯಿ ತೆರೆದ. ಬರಲಿಲ್ಲ.

"ಕೆಂಪು ಪೇಂಟ್ ಮುಗಿದಿತ್ತು... ಕೆಳಗೆ ಜಾಗ ಖಾಲಿ ಇತ್ತು," ಅಂದ.

ಟಪ್... ಟಪ್... ನೀರು ತೊಟ್ಟಿಕ್ಕಿತು. ಆಮೇಲೆ, ಮೆಲ್ಲಗೆ...

"ಅಷ್ಟ ಏನು?"

ಅಷ್ಟೇ. ಸಿಟ್ಟು ಇಲ್ಲ, ಶಾಪ ಇಲ್ಲ. ನೀರಿನಲ್ಲಿ ಗುಳುಂ ಅಂತ ಒಂದು ಸದ್ದು. ಬೆಂಜಮಿನ್ ಓಡಲಿಲ್ಲ. "ಬೈದಿದ್ದರೆ ಓಡುತ್ತಿದ್ದೆ," ಅಂತ ನನ್ನ ಹತ್ತಿರ ಹೇಳಿದ. ಅಲ್ಲೇ ಕೂತು, ಮುಖ ಮುಚ್ಚಿಕೊಂಡು ಅತ್ತನಂತೆ.

ಬೆಳಗಾದ ಮೇಲೆ ಮೊದಲು ಹೋದದ್ದು ಯಮನವ್ವನ ಗಂಡ ಹನಮಪ್ಪನ ಶೆಡ್ಡಿಗೆ. ಎಲ್ಲ ಹೇಳಿದ. ನೀಲಿ, ತಾವರೆ, ತಲೆ ಆಡಿಸಿದ್ದು. ಹನಮಪ್ಪ ಸಿಮೆಂಟ್ ಕಲಸುತ್ತಲೇ ಕೇಳಿದ. "ಹೂವ ಬರದಾರ, ನೀರು ಚಲೋ ಇರತೈತಿ ಅಂದಿದ್ಲರೀ," ಅಂದ. ಸಿಮೆಂಟಿಗೆ ಇನ್ನಷ್ಟು ನೀರು ಸುರಿದ. ಬೈಯಲಿಲ್ಲ, ಹೊಡೆಯಲೂ ಇಲ್ಲ. ಬೆಂಜಮಿನ್ ತಲೆ ಎತ್ತದೆ ಹೊರಗೆ ಬಂದ.

ಉಡುಪಿಯಿಂದ ಕೆಂಪು ತಂದ. ನಾನೇ ಏಣಿ ಹಿಡಿದೆ. ಬೋರ್ಡಿಗೆಲ್ಲ ಕೆಂಪು ಬಳಿದು, ನಡುವೆ ಅಲೆ, ಅಲೆಯಿಂದ ಮೇಲೆ ಚಾಚಿದ ಒಂದು ಕಪ್ಪು ಕೈ. ಅಕ್ಷರ ಕಡೆಗೆ, ಸಣ್ಣದಾಗಿ. ಓದು ಬಾರದವನೂ ಹಿಂದೆ ಸರಿಯಬೇಕು, ಹಾಗಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ನೋಡಲು ಹೋದೆವು. ಆ ಕಪ್ಪು ಕೈಯ ಮಣಿಕಟ್ಟಿನಲ್ಲಿ ಆರು ಹಸಿರು ಗೆರೆ. ಸಪೂರ, ದುಂಡಗೆ, ಬಳೆಯ ಹಾಗೆ. ನಾವು ತಂದದ್ದು ಕೆಂಪು, ಕಪ್ಪು, ಬಿಳಿ. ಹಸಿರು ತಂದೇ ಇರಲಿಲ್ಲ. ನಾನು ಬೆರಳಿಟ್ಟು ನೋಡಿದೆ ಮಾರಾಯರೇ, ಸುಳ್ಳಲ್ಲ... ಕೆಂಪು, ಕಪ್ಪು ಎಲ್ಲ ಒಣಗಿತ್ತು. ಹಸಿರು ಮಾತ್ರ ಇನ್ನೂ ಹಸಿ ಇತ್ತು.