ಮೂರನೇ ಬೆಡ್ಡು

…ನಗಬೇಡ ಅಕ್ಕಾ! ತಮಾಷೆ ಅಲ್ಲ. ಐಸಿಯುನಲ್ಲಿ ಎರಡು ವರ್ಷ ದುಡಿದು ತೋರಿಸಬೇಕು, ಆಮೇಲೆ ಪರೀಕ್ಷೆ. ಪಾಸಾದ್ರೆ ನಿನ್ನ ಥರಾನೇ ನಂಗೂ ಕ್ರಿಟಿಕಲ್ ಕೇರ್ ಸರ್ಟಿಫಿಕೇಟು! ವಾರ್ಡಲ್ಲಿ ಜ್ವರ ನೋಡ್ಕೊಂಡು ಓಡಾಡೋ ಕೋಳಿಮರಿ ಅಲ್ಲ ಇನ್ಮೇಲೆ. …ಹ್ಞಾಂ, ಆ ಹೆಸರಿಟ್ಟವಳು ನೀನೇ. ಮರೆತಿಲ್ಲ.

ನಿನ್ನ ಆ ದಪ್ಪ ಪುಸ್ತಕ ಕೊಡ್ತೀಯಾ? ನೀನೇನೂ ಈಗ… ಛೇ, ಹಾಗಲ್ಲ. ಮನೇಲಿ ಕೂತಿದೀಯ ಅಂತ ಚುಚ್ಚಿದ್ದಲ್ಲ. ನಿನ್ನನ್ನ ಕೂರಿಸಿದ್ದು ನರ್ಸುಗಳ ಮೇಲಿನ ಆ ಮೇಟ್ರನ್! ಇಬ್ಬರು ರೋಗಿಗಳಿಗೆ ಒಬ್ಬಳು ನರ್ಸು. ಐಸಿಯು ಗೋಡೆ ಮೇಲೆ ಅವಳೇ ಅಂಟಿಸಿದ ನಿಯಮ. ಮೂರನೇ ಬೆಡ್ಡೂ ನೋಡ್ಕೋ ಅಂದಾಗ ನೀನು ಆಗಲ್ಲ ಅಂದೆ. ಅಷ್ಟಕ್ಕೇ ವಿಚಾರಣೆ ಮುಗಿಯೋವರೆಗೂ ಒಳಗೆ ಕಾಲಿಡಬಾರದಂತೆ! ಅವರ ಕುರ್ಚಿಗೆ ಗಾಲಿ ಇದೆ, ನಮ್ಮ ಕಾಲಿಗೂ ಇದೆ ಅಂದ್ಕೊಂಡಿದಾರೆ. …ನೋಡು, ನಕ್ಕುಬಿಟ್ಟೆ ನೀನು!

ಕ್ಯಾಂಟೀನಲ್ಲಿ ಎಲ್ಲರೂ ಕೈ ಎತ್ತಿದೀವಿ ಅಕ್ಕಾ. ನೀನು ವಾಪಸ್ ಬರೋವರೆಗೂ ನಿನ್ನ ಜಾಗದಲ್ಲಿ ಯಾರೂ ನಿಲ್ಲಲ್ಲ. ಮೇಟ್ರನ್ನೇ ಸೆರಗು ಸಿಕ್ಕಿಸ್ಕೊಂಡು ನಿಲ್ಲಲಿ! ಮೊದಲು ಕೈ ಎತ್ತಿದ್ದು ಯಾರು? ನಾನು! …ತಾಳು, ನೀರು ಕುಡೀತೀನಿ.

ಕೂತ್ಕೋತೀನಿ, ಕೂತ್ಕೋತೀನಿ. ಓಡಾಡಿದ್ರೆ ನಿನ್ನ ನೆಲ ಸವೆದುಹೋಗುತ್ತಾ? ಡ್ಯೂಟಿ ಮುಗಿಸಿ ನೇರ ನಿನ್ನ ಮನೆಗೇ ಬಂದೆ, ಕಾಲು ಇನ್ನೂ ನಿಲ್ತಿಲ್ಲ.

ಅಂದಹಾಗೆ, ನೀನು ಹೇಳ್ತಿದ್ದೆಯಲ್ಲ… ಡ್ಯೂಟಿ ಒಪ್ಪಿಸುವಾಗ ಟ್ಯೂಬುಗಳನ್ನ ಬರೀ ಕಣ್ಣಲ್ಲಿ ನೋಡಬೇಡ, ರೋಗಿಯ ಮೈಯಿಂದ ಹಿಡಿದು ಕೊನೇವರೆಗೂ ಬೆರಳಲ್ಲಿ ಸವರಿಕೊಂಡು ಹೋಗು ಅಂತ. ಎಂಥಾ ಮಾತು ಅಕ್ಕಾ! ಇವತ್ತು ನಾನು ಡ್ಯೂಟಿ ಒಪ್ಪಿಸುವಾಗ ಹೊದಿಕೆ ಮೇಲಿಂದ ಎಲ್ಲ ಸರಿಯಾಗೇ ಕಾಣ್ತಿತ್ತು. ಸವರಿಕೊಂಡು ಹೋದ್ರೆ ಮೂತ್ರದ ಟ್ಯೂಬು ತೊಡೆ ಕೆಳಗೆ ಮಡಚಿ ಕೂತಿದೆ! ಮೂತ್ರ ಕಟ್ಟಿ ಹೊಟ್ಟೆ ಕಲ್ಲಾಗಿದೆ! ಪಾಪ ಮೇಷ್ಟ್ರು, ಬಾಯಲ್ಲಿ ಉಸಿರಿನ ಟ್ಯೂಬು, ಹೇಳೋದಾದ್ರೂ ಹೇಗೆ? ಕಣ್ಣಲ್ಲೇ ನಿನ್ನ ಹುಡುಕ್ತಾ ಇದ್ರು…

ಏನು? ಯಾವ ಮೇಷ್ಟ್ರು ಅಂದ್ರೆ… ಕಿಟಕಿ ಪಕ್ಕದ ಮೇಷ್ಟ್ರು.

ಹ್ಞೂಂ. ನಿನ್ನ ಬೆಡ್ಡಿನವರೇ.

ಹಾಗೆ ನೋಡಬೇಡ ಅಕ್ಕಾ! ಯಾರಾದ್ರೂ ನಿಲ್ಲಲೇಬೇಕಿತ್ತಲ್ಲ? ಮಲಗಿರೋರು ಏನು ತಪ್ಪು ಮಾಡಿದ್ರು? ನಾಲ್ಕು ದಿನದ ಮಟ್ಟಿಗೆ ಅಂದ್ರು… ಇಲ್ಲ, ಸುಳ್ಳು. ಖಾಯಂ ಅಂದ್ರು. ನಿಂತ್ರೆ ಐಸಿಯು ನಿನಗೇ ಅಂದ್ರು. ಆ ಬಾಗಿಲು ನನ್ನಂಥವಳಿಗೆ ಇನ್ಯಾವ ಕಾಲಕ್ಕೆ ತೆರೆಯುತ್ತೆ? ನೀನೇ ಹೇಳು!



ಪುಸ್ತಕ ಯಾಕೆ ಕೈಗೆ ಕೊಡ್ತಿದೀಯಾ? ಬೇಡ. ಬೈದು ಕೊಡು. ಎರಡೇಟು ಹಾಕಿ ಕೊಡು. ಏನಾದ್ರೂ ಕೇಳು ಅಕ್ಕಾ. ನಂಗೆ ಎಷ್ಟು ರೋಗಿಗಳನ್ನ ಒಪ್ಪಿಸಿದ್ರು ಅಂತಾದ್ರೂ ಕೇಳು.

…ಕೇಳಲ್ವಾ?

ಮೂರು.

ಆ ಟ್ಯೂಬು ಎಷ್ಟು ಹೊತ್ತಿಂದ ಹಾಗಿತ್ತೋ ನಂಗೊತ್ತಿಲ್ಲ. ನಾನು ಮೂರನೇ ಬೆಡ್ಡಿನವರ ಹತ್ರ ಇದ್ದೆ.