ನೀವು ಮುಂದ ನಡೀರಿ, ಅತ್ತಿ

...ಬ್ಯಾಡ ಅತ್ತಿ, ನಾ ಕೂಡ್ರಂಗಿಲ್ಲ. ನೀವು ಕೂಡ್ರಿ. ಬೆಳಗಿಂದ ಕುಂತು ಕುಂತು ಸಾಕಾಗೇದ ನನಗ, ನಿಂತೇ ಮಾತಾಡ್ತೀನಿ. ಸಾಸವಡದಿಂದ ಇಷ್ಟು ಸೀತಾಫಲ ಯಾಕ ಹೊತಗೊಂಡು ಬಂದ್ರಿ? ನಿಮ್ಮ ಮಗ ಒಂದು ತಿಂದ್ರ ಹೆಚ್ಚು. ಅವರು ಭೋಸರಿಗೆ ಹೋಗ್ಯಾರ, ಕಂಪನಿಗೆ. ನಿಮ್ಮ ಮೊಮ್ಮಗ ರೋಹಿತ ಹಾಸ್ಟೆಲ್ ಸೇರಿದ ಮ್ಯಾಲೆ ಹಗಲೆಲ್ಲಾ ಈ ಮನ್ಯಾಗ ನಾನು, ಆ ಟೀವಿ.

ಹಾಂ, ಏನು ಹೇಳ್ತಿದ್ದೆ? ಆ ಇಂಜೆಕ್ಷನ್ನಿನ ಮಾತು. ಈಗ ಹಂಗ ಬಂದದ ಅತ್ತಿ. ಕತ್ತರಿ ಇಲ್ಲ, ಹೊಲಿಗಿ ಇಲ್ಲ. ಸೂಜೀಲೆ ಒಂದು ಜೆಲ್ ಹಾಕ್ತಾರ, ತಗ್ಗು ಇದ್ದಲ್ಲೆ ತುಂಬಿ ಬರ್ತದ. ಗಲ್ಲಕ್ಕ ಹಾಕ್ತಾರ, ತುಟಿಗೆ ಹಾಕ್ತಾರ... ಹಿಂದನೂ ಹಾಕ್ತಾರ. ಹಿಂದ ಅಂದ್ರ... ಹಿಂದ. ಕುಂಡಿಗೆ ಅತ್ತಿ.

ಯಾಕ ನಗ್ತೀರಿ? ಸೆರಗು ತಗೀರಿ ಬಾಯಿಂದ, ಇಲ್ಲೆ ಯಾರದಾರ ಕೇಳ್ಲಿಕ್ಕೆ? ನಗ್ರಿ, ನಗ್ರಿ. ಪೇಪರಿನ್ಯಾಗ ಮೊದಲ ಸಲ ಓದಿದಾಗ ನಾನೂ ನಕ್ಕಿದ್ದೆ. ಆಮ್ಯಾಲೆ ಮತ್ತೊಮ್ಮೆ ಓದಿದೆ. ಈಗ ಮಾಡಿಸ್ಬೇಕಂತೀನಿ. ವಿಚಾರ ಅಷ್ಟ, ಇನ್ನೂ ಏನೂ ಮಾಡಿಸಿಲ್ಲ.

ನಿಮಗ ಗೊತ್ತಿಲ್ಲ. ಹೆಂಗ ಗೊತ್ತಿರ್ತದ, ಯಾರಿಗೂ ತೋರಿಸಿಲ್ಲ ನಾ. ಸಣ್ಣಾಕಿ ಇದ್ದಾಗ ಜ್ವರ ಬಂದಿತ್ತು, ಊರಾಗಿನ ಕಂಪೌಂಡರ್ ಇಂಜೆಕ್ಷನ್ ಚುಚ್ಚಿದ. ಕೀವು ಆತು, ಕೊಯ್ದ್ರು. ಜ್ವರ ಹೋತು, ತಗ್ಗು ಉಳೀತು. ಎಡಗಡೆ, ನಾದಿದ ಹಿಟ್ಟಿನ್ಯಾಗಿಂದ ಒಂದು ಹಿಡಿ ತಗದಂಗ. ಸೀರ್ಯಾಗ ಏನೂ ಕಾಣ್ತಿರಲಿಲ್ಲ, ಸೆರಗು ಇಳಿಬಿಟ್ರ ಎಲ್ಲಾ ಮುಚ್ಚಿ ಹೋಗ್ತದ. ಲಗ್ನ ಆಗಿ ಪುಣೆಗೆ ಬಂದ ಮ್ಯಾಲೆ ನಿಮ್ಮ ಮಗನ ಹೇಳಿದ್ರು, ಇಲ್ಲೆ ಎಲ್ಲಾರೂ ಪಂಜಾಬಿ ಡ್ರೆಸ್ ಹಾಕ್ತಾರ, ನೀನೂ ಹಾಕು ಅಂತ. ಖುಷಿಲೆ ಹೊಲಿಸಿದೆ, ಹಳದಿ ಬಣ್ಣದ್ದು. ಅದನ್ನ ಹಾಕ್ಕೊಂಡು ಅವರ ದೋಸ್ತರಿಗೆ ಚಹಾ ಕೊಟ್ಟು ಒಳಗ ಹೊಂಟಿದ್ದೆ. ಹಿಂದಿಂದ ನಿಮ್ಮ ಮಗನ ಅಂದ್ರು, "ಏ ರೇಣು, ಒಂದು ಕಡೆ ಪಂಕ್ಚರ್ ಆಗೇದಲ್ಲ!"

ಎಲ್ಲಾರೂ ನಕ್ರು. ಅವರು ಕೆಟ್ಟವರಲ್ಲ ಅತ್ತಿ, ಚಾಷ್ಟಿ ಮಾಡಿದ್ರು ಅಷ್ಟ. ಮರುದಿನ ಅವರಿಗೆ ನೆನಪೂ ಇರಲಿಲ್ಲ. ಆಡಿದವರು ಮರೀತಾರ, ಆಡಿಸಿಕೊಂಡವರು... ಬಿಡ್ರಿ. ಅವತ್ತಿಂದ ನಾ ಅವರ ಮುಂದ ನಡದಿಲ್ಲ.

ನೀವು ಎಲ್ಲಾರ ಮುಂದ ಹೇಳ್ತೀರೆಲ್ಲ, ನಮ್ಮ ಹಿರೇಸೊಸಿ ನೋಡ್ರಿ, ಪುಣೆದಾಗ ಇದ್ರೂ ಗಂಡನ ಹಿಂದ ಹಿಂದ ನಡೀತಾಳ, ಹಳೇ ಕಾಲದ ನಡತಿ ಅಂತ? ಲಗ್ನದಾಗ, ಕುಬಸದಾಗ, ಹೋದಲ್ಲೆಲ್ಲಾ ಅದನ್ನ ಹೇಳಿದ್ರಿ. ನನ್ನ ನೆಗೆಣ್ಣಿ ಇಂದೂಗ ನನ್ನ ತೋರಿಸಿ ಬೈದ್ರಿ, ಇಕಿನ್ನ ನೋಡಿ ಕಲಿ ಅಂತ. ಪಾಪ, ಆಕಿ ಆಮ್ಯಾಲೆ ನನ್ನ ಜೋಡಿ ಸರಿಯಾಗಿ ಮಾತಾಡಲೇ ಇಲ್ಲ. ನಡತಿ ಅಲ್ಲರೀ ಅದು, ನಾಚಿಕಿ. ನನ್ನ ಹಿಂದ ಯಾರೂ ಇರಬಾರದು, ಅಷ್ಟ. ಗುಡಿಯೊಳಗ ಪ್ರದಕ್ಷಿಣಿ ಹಾಕೋವಾಗ ಎಲ್ಲಾರನ್ನೂ ಮುಂದ ಬಿಡ್ತಿದ್ದೆ. ವಾರಿ ಪಾಲಕಿ ಸಾಸವಡಕ್ಕ ಬಂದಾಗ ನೀವು ತಾಳ ಹಿಡಕೊಂಡು ಮುಂದ, ನಾ ಭಜನಿ ದಿಂಡಿ ಸಾಲಿನ ಕಟ್ಟಕಡೀಗೆ, ನೀರಿನ ಟ್ಯಾಂಕರಿನ ಹಿಂದ. ಒಬ್ಬ ಮುದುಕ ಬಂದು ನನ್ನ ಕಾಲಿಗೆ ಬಿದ್ದ. ಮಾವುಲಿ, ತಾಯಿ, ಎಷ್ಟು ವಿನಯ ನಿಂದು ಅಂದ. ನನಗ ಭೂಮಿ ಬಾಯಿ ಬಿಡಬಾರದೇನು ಅನಿಸ್ತು.

ಸಿಟ್ಟು ಬಂತೇನು?

ರಾತ್ರಿ ಮೊದಲು ನಾನ ದೀಪ ಆರಸ್ತಿದ್ದೆ. ಈಗ ಅದೂ ಬೇಕಾಗಿಲ್ಲ. ದೀಪ ಹತ್ತಿದ್ರೂ ಅವರು ಪೇಪರ್ ನೋಡ್ತಾರ.

ಶಿವಾಜಿನಗರದಾಗ ಒಬ್ಬ ಹೆಣ್ಮಗಳು ಅದಾರ, ಚರ್ಮದ ಡಾಕ್ಟರ್ ಬಾಯಿ, ಅವರಿಗೆ ತೋರಿಸೇನಿ. ಭಾಳ ಚಂದ ಮಾತಾಡ್ತಾರ. ಆ ತಗ್ಗಿನ ಮ್ಯಾಲೆ ಬೆರಳಿಟ್ಟು ನೋಡಿದ್ರು. ನನಗ ಅಳು ಬಂತು ಅತ್ತಿ. ನೋವಾತೇನು ಅಂತ ಕೇಳಿದ್ರು. ಇಲ್ಲ ಅಂದೆ. ಏನಂತ ಹೇಳ್ಲಿ, ಆ ಜಾಗಾನ ಬ್ಯಾರೆಯವರು ಮುಟ್ಟಿದ್ದು ನನಗ ನೆನಪಿಲ್ಲ ಅಂತ ಹೇಳ್ಲೇನು? ಎಲ್ಲೆ ಎಷ್ಟು ಹಾಕ್ಬೇಕಂತ ಪೆನ್ನಿನಿಂದ ಗೆರಿ ಹೊಡದ್ರು. ಒಮ್ಮಿಗೇ ತುಂಬಂಗಿಲ್ಲ, ಸ್ವಲ್ಪ ಸ್ವಲ್ಪ ಹಾಕೋದು, ಅದೂ ಮುಂದ ಕರಗ್ತದ ಅಂದ್ರು. ಅವಸರ ಬ್ಯಾಡ, ಹಳೇ ಗಾಯದ ಒಳಗ ಏನದ ಅಂತ ಮೊದಲು ಸ್ಕ್ಯಾನ್ ಮಾಡಿ ನೋಡೋಣ ಅಂದ್ರು. ಆಮ್ಯಾಲೆ ಅಂದ್ರು, "ಯೇತಾನಾ ಕುಣಾಲಾ ತರೀ ಸೋಬತ್ ಘೇಊನ್ ಯಾ." ಬರೋವಾಗ ಯಾರನ್ನರೆ ಜೋಡಿ ಕರಕೊಂಡು ಬರ್ರಿ ಅಂತ.

ಹೂಂ ಅಂದು ಬಂದೆ. ಬಸ್ ಸ್ಟ್ಯಾಂಡಿನ್ಯಾಗ ನಿಂತು ವಿಚಾರ ಮಾಡಿದೆ, ಯಾರನ್ನ ಕರಕೊಂಡು ಹೋಗ್ಲಿ? ಅವರಿಗೆ ಹೇಳಿದ್ರ ಮತ್ತ ನಗ್ತಾರ. ಇಂದೂ ಬರಂಗಿಲ್ಲ. ಕೆಳಗಿನ ಮನಿ ಬಾಯಿಗೆ ನನ್ನ ಹೆಸರು ಸುದ್ಧಾ ಗೊತ್ತಿಲ್ಲ, ಕಾನಡೀ ವಹಿನಿ ಅಂತಾಳ, ಕನ್ನಡದ ವೈನಿ ಅಂತ ಅಷ್ಟ. ಇಷ್ಟು ದೊಡ್ಡ ಪುಣೆದಾಗ ಒಬ್ಬರು... ಒಬ್ಬರು ಸಿಗಲಿಲ್ಲ ಅತ್ತಿ. ನಮ್ಮ ಬಸ್ ಬಂದು ಹೋತು, ನಾ ನಿಂತೇ ಇದ್ದೆ.

ಅದಕ್ಕ ರಂಜನಾ... ಯಾರಿಲ್ಲ ಬಿಡ್ರಿ. ಪಾರ್ಲರಿನಾಕಿ, ಹುಬ್ಬು ಮಾಡಿಸ್ಲಿಕ್ಕೆ ಹೋಗ್ತೀನೆಲ್ಲ, ಆಕಿ. ಆಕೀನೂ ಹಾಕ್ತಾಳಂತ, ಪಡದೇದ ಹಿಂದ ಮಂಚ ಇಟ್ಟಾಳಂತ. ಯಾರನ್ನೂ ಕರಕೊಂಡು ಬಾ ಅನ್ನೂದಿಲ್ಲ ಆಕಿ... ಇಲ್ಲ ಇಲ್ಲ, ನಾ ಹೋಗಿಲ್ಲ. ಡಾಕ್ಟರ್ ಬಾಯಿ ಕಡೇನ ಹೋಗ್ಬೇಕಂತೀನಿ. ಮುಂದಿನ ತಿಂಗಳು.

ಚಹಾ ಮಾಡ್ಲೇನು? ಮತ್ತ ಕೂಡು ಅಂತ ಕೈ ಮಾಡ್ತೀರೆಲ್ಲ! ಗ್ವಾಡಿಗೆ ಆತುಕೊಂಡು ನಿಂತ್ರ ತಂಪು ಹತ್ತತದ ನನಗ. ಸೆಕಿ ಭಾಳ ಅದ ಅಲ್ಲ ಇವತ್ತು? ಇಲ್ಲೇನು?... ಹೌದು, ನೀವು ಶಾಲು ಹೊದ್ದೀರಿ. ಥಂಡಿ ಸುರು ಆಗೇದ ಅಲ್ಲ, ಹೌದು.

ಯಾಕ ಹಂಗ ನೋಡ್ತೀರಿ? ಗ್ವಾಡಿನ? ಅದು ಅರಿಷಿಣದ ಕಲಿ ಅತ್ತಿ, ಸಾರು ಸಿಡಿದಿತ್ತು. ಏನರೆ ಅನ್ರಿ. ಬೈರಿ ಬೇಕಾದ್ರ. ಹಂಗ ನೋಡಬ್ಯಾಡ್ರಿ...

ಸೋಮವಾರ. ಸೋಮವಾರ ಹೋಗಿದ್ದೆ.

ಅದೇನು ಹಾಕಿದ್ಲೋ, ಎಣ್ಣಿ ಹಂಗಿತ್ತು. ಮನಿಗೆ ಬಂದು ಕನ್ನಡಿ ಮುಂದ ನಿಂತು ಹೊಳ್ಳಿ ಹೊಳ್ಳಿ ನೋಡಿಕೊಂಡೆ. ತುಂಬಿತ್ತು ಅತ್ತಿ! ಒಂದು ದಿನ ತುಂಬಿತ್ತು. ಆ ಹಳದಿ ಡ್ರೆಸ್ ಪೆಟ್ಟಿಗ್ಯಾಗಿಂದ ತಗದು, ಬಿಗಿ ಆದ್ರೂ ಹಾಕ್ಕೊಂಡೆ. ನಿಮ್ಮ ಮಗನ ಮುಂದ ಅತ್ತ ಹೋದೆ, ಇತ್ತ ಬಂದೆ. ಟೀವಿಗೆ ಅಡ್ಡ ಬರಬ್ಯಾಡ ಅಂದ್ರು.

ಮರುದಿನ ಜ್ವರ ಬಂತು. ಈಗ ಕಲ್ಲಾಗೇದ, ಉರೀತದ, ಸೋರ್ತದ. ಮಡಚಿದ ಬಟ್ಟಿ ಇಟ್ಟುಕೊಂಡೀನಿ, ಅದನ್ನೂ ದಾಟಿ ಬರ್ತದ. ನಿಂತು ಊಟ ಮಾಡ್ತೀನಿ, ಬೋರಲ ಮಲಗ್ತೀನಿ. ಯಾಕ ಅಂತ ಅವರು ಕೇಳಿಲ್ಲ ಅತ್ತಿ. ನೀವು ಬಂದು ಇನ್ನೂ ಒಂದು ಕಪ್ ಚಹಾ ಕುಡದಿಲ್ಲ, ನಿಮಗ ತಿಳೀತು. ಹೆದರಿಕಿ ಬಂದದ ನನಗ. ಸತ್ತೆ ಅಂದ್ರ ಹೆಣಕ್ಕ ನೀರು ಹಾಕೋವಾಗ ಎಲ್ಲಾರೂ ನೋಡ್ತಾರ ಅಂತ, ಅದಕ್ಕೂ ಹೆದರಿಕಿ. ಹುಚ್ಚಿ ನಾನು.

ಎದ್ರಿ ಯಾಕ? ನಿಮ್ಮ ಕೈ ಎಷ್ಟು ತಂಪದ... ಹಣಿ ಮ್ಯಾಲೆ ಇಡ್ರಿ ಇನ್ನೊಂದು ಘಳಿಗಿ. ಡಾಕ್ಟರ್ ಕಡೆ? ಈಗ? ಆ ಬಾಯಿ ಬೈತಾರ ನನಗ. ಬೈಲಿ ಬಿಡ್ರಿ. ಯಾರನ್ನರೆ ಕರಕೊಂಡು ಬಾ ಅಂದಿದ್ರು, ನಿಮ್ಮನ್ನ ತೋರಿಸ್ತೀನಿ.

ಇರ್ರಿ, ಚಪ್ಪಲಿ ಮೆಟ್ಟಿಕೊಳ್ತೀನಿ. ನೀವು ಮುಂದ ನಡೀರಿ, ಅತ್ತಿ. ನಾ ಹಿಂದ ಬರ್ತೀನಿ.

ಯಾಕ ನಿಂತ್ರಿ?... ಶಾಲು ನನಗ್ಯಾಕ, ನಿಮಗ ಥಂಡಿ ಆಗ್ತದ. ಸೊಂಟಕ್ಕ ಸುತ್ತಬ್ಯಾಡ್ರಿ, ಕಲಿ ಹತ್ತತದ, ಚಲೋ ಶಾಲು ಅದು... ಏನು? ನಾ ಮುಂದ? ಇಲ್ಲರೀ, ನನಗ ರೂಢಿ ಇಲ್ಲ. ಇಳಿಯೋವಾಗ ಹಿಂದ ಯಾರರೆ...

ಹಿಂದ ನೀವು ಇರ್ತೀರಿ?

ಹೂಂ... ಹೊಂಟೆ. ಬಾಗಲಾ ಎಳಕೊಂಡು ಬರ್ರಿ.